ಹಾಡು ಕಟ್ಟಲು ಮಗುವಿಗೆ ಅಪ್ಪಣೆ ಯಾಕಿಲ್ಲ?

ಒಂದನೇ ತರಗತಿಯ ಮಗು ಬರೆದ ಚಿತ್ರವನ್ನು ಗೋಡೆಗೆ ಅಂಟಿಸುತ್ತೇವೆ. ಮೂರನೇ ತರಗತಿಗೆ ಬಂದರೆ ಸ್ವಂತ ಕತೆ ಬರೆಯಲು ಹೇಳುತ್ತೇವೆ. ಸಂಗೀತದ ಪಿರಿಯಡ್ಡಿನಲ್ಲಿ ಮಾತ್ರ ಒಂದೇ ಅಪ್ಪಣೆ: ನಾನು ಹೇಳಿದಂತೆ ಹೇಳು.

ಸರಳೆ, ಜಂಟಿ, ಅಲಂಕಾರ, ಗೀತೆ ಎಂದು ವರ್ಷಗಟ್ಟಲೆ ಒಪ್ಪಿಸಿದ ಮೇಲೆಯೇ ಮನೋಧರ್ಮದ ಮಾತು. ‘ಮೊದಲು ತಳಪಾಯ’ ಎನ್ನುವ ಗುರುಗಳ ವಾದದಲ್ಲಿ ಹುರುಳಿದೆ. ಶ್ರುತಿ, ಲಯ ಕೂರಲು ಅಭ್ಯಾಸ ಬೇಕೇ ಬೇಕು. ಆದರೆ ವ್ಯಾಕರಣ ಕಲಿತ ಮೇಲೆ ಮಾತಾಡು ಎಂದು ಯಾವ ತಾಯಿಯೂ ಮಗುವಿಗೆ ಹೇಳುವುದಿಲ್ಲ.

ಜರ್ಮನಿಯ ಕಾರ್ಲ್ ಓರ್ಫ್ ಮಕ್ಕಳಿಗಾಗಿ ರೂಪಿಸಿದ ವಾದ್ಯಗಳಲ್ಲಿ ಬೇಡದ ಸ್ವರಗಳ ಪಟ್ಟಿಗಳನ್ನು ತೆಗೆದಿಡಬಹುದು. ಉಳಿದ ಐದರಲ್ಲಿ ಮಗು ಹೇಗೆ ನುಡಿಸಿದರೂ ಕಿವಿಗೆ ಒಗ್ಗುತ್ತದೆ. ಆ ಐದು ನಮಗೆ ಹೊಸವೇನಲ್ಲ: ಸ ರಿ ಗ ಪ ದ, ನಮ್ಮ ಮೋಹನ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮವಂತೂ 1992ರಲ್ಲೇ 5 ವರ್ಷದ ಮಕ್ಕಳ ಸಂಗೀತ ಪಾಠಕ್ಕೂ ಸಂಯೋಜನೆಯನ್ನು ಸೇರಿಸಿತು.

ನಮಗೆ ವಾದ್ಯವೂ ಬೇಡ. ಮೋಹನದ ಐದು ಸ್ವರ, ಆದಿತಾಳದ ಒಂದು ಆವರ್ತ ಕೊಟ್ಟು, ‘ಕೊನೆಗೆ ಷಡ್ಜಕ್ಕೆ ಬಂದು ನಿಲ್ಲು, ಮಿಕ್ಕಿದ್ದು ನಿನ್ನಿಷ್ಟ’ ಎನ್ನಿ. ಮಗು ಕಟ್ಟಿದ್ದನ್ನು ಇಡೀ ತರಗತಿ ಹಾಡಲಿ. ಆಮೇಲೆ ಸರಳೆ ವರಸೆಯೂ ಶಿಕ್ಷೆಯೆನಿಸದು. ಮುಂದಿನ ಹಾಡಿಗೆ ಬೇಕಾದ ಸಾಮಗ್ರಿಯೆನಿಸುತ್ತದೆ.

ಈ ಮೊದಲ ಪಾಠಗಳನ್ನು ರೂಪಿಸಿದವರೆಂದು ನಾವು ನೆನೆಯುವ ಪುರಂದರದಾಸರು ಸ್ವತಃ ಹಾಡು ಕಟ್ಟಿದವರು. ಅವರ ಹೆಸರು ಹೇಳಿಕೊಂಡು ಮಕ್ಕಳನ್ನು ಬರೀ ಗಿಳಿಗಳನ್ನಾಗಿಸುವುದು ಯಾವ ನ್ಯಾಯ?