ಬೆರಳಿಲ್ಲದ ಬೆರಳಚ್ಚು

ಬೆರಳಚ್ಚು ಯಂತ್ರದ ಮುಂದೆ ಕುಳಿತವರಿಗೆ ಗುಂಡಿಗೂ ಅಕ್ಷರಕ್ಕೂ ಇರುವ ನಂಟು ಕಣ್ಣೆದುರಿನ ಸಂಗತಿ. ಗುಂಡಿಯನ್ನೊತ್ತಿದರೆ ಅಚ್ಚಿನ ಕಡ್ಡಿ ಮೇಲೆದ್ದು ಕಾಗದಕ್ಕೆ ಬಡಿಯುವುದು, ಅಕ್ಷರ ಮೂಡುವುದು. ಗಣಕಯಂತ್ರದಲ್ಲಿಯೂ ಹೀಗೆಯೇ ನಡೆಯುವುದೆಂದು ನಂಬಿರುವವರು ಹಲವರು. ಆ ನಂಬಿಕೆ ಎಷ್ಟು ಸಡಿಲವಾದುದೆಂಬುದು ನನ್ನ ಪರಿಚಯದ ತರುಣನೊಬ್ಬನಿಗೆ ಈಚೆಗೆ ಮನವರಿಕೆಯಾದ ಬಗೆಯನ್ನು ವಾಚಕರ ಮುಂದಿಡುತ್ತೇನೆ.

ಈ ತರುಣನು ಮಕ್ಕಳಿಗಾಗಿ ಗಣಕದ ಆಟವೊಂದನ್ನು ರಚಿಸುತ್ತಿದ್ದಾನೆ. ಆಟ ತೊಡಗುವ ಮುನ್ನ ಹೆಸರು ಬರೆಯಲು ಅದರಲ್ಲೊಂದು ಚೌಕ. 1979ರಲ್ಲಿ ಬಂದ ‘ಆಸ್ಟರಾಯ್ಡ್ಸ್’ ಆಟದಲ್ಲಿ ಹೆಚ್ಚು ಅಂಕ ಗಳಿಸಿದವರು ಮೂರೇ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಗುರುತನ್ನು ಬಿಟ್ಟುಹೋಗಬೇಕಾಗಿತ್ತು. ಇವನ ಆಸೆ ಅದಕ್ಕಿಂತ ದೊಡ್ಡದು: ಮಗುವು ತನ್ನ ಪೂರ್ತಿ ಹೆಸರನ್ನು ಕನ್ನಡದಲ್ಲಿಯೇ ಬರೆಯಬೇಕು.

ಆಟವನ್ನು ತಿದ್ದಿದಾಗಲೆಲ್ಲ ಹೆಸರು ಬರೆದು ನೋಡುವುದು ಬೇಸರದ ಕೆಲಸ. ಆದಕಾರಣ ಅದನ್ನು ಯಂತ್ರಕ್ಕೇ ಒಪ್ಪಿಸುವ ಪದ್ಧತಿಯುಂಟು. ‘ಯೂನಿಟಿ’ ಎಂಬ, ಆಟ ಕಟ್ಟುವ ಸಾಧನದಲ್ಲಿ ಇದಕ್ಕೆ ತಕ್ಕ ಏರ್ಪಾಡಿದೆ. ಪರೀಕ್ಷೆಯ ಹೊತ್ತಿಗೆ ನಿಜವಾದ ಕೀಲಿಮಣೆಯನ್ನು ಬದಿಗಿರಿಸಿ, ಮಾಯಾ ಕೀಲಿಮಣೆಯೊಂದನ್ನು ನಿಲ್ಲಿಸಿ, ‘ಈ ಗುಂಡಿಯನ್ನು ಒತ್ತು, ಆ ಗುಂಡಿಯನ್ನು ಬಿಡು’ ಎಂದು ಅಪ್ಪಣೆ ಕೊಡಬಹುದು. ತರುಣನು ಹಾಗೆಯೇ ಮಾಡಿದನು. ಗುಂಡಿಗಳೆಲ್ಲ ಒತ್ತಿದಂತಾಯಿತು, ಚೌಕ ಮಾತ್ರ ಬರಿದಾಗಿಯೇ ಉಳಿಯಿತು!

ಕಾರಣವಿಷ್ಟೆ. ಗಣಕದಲ್ಲಿ ಗುಂಡಿಯನ್ನೊತ್ತಿದ ಸುದ್ದಿ ಬೇರೆ, ಅಕ್ಷರ ಬಂದ ಸುದ್ದಿ ಬೇರೆ. ವಿಂಡೋಸ್ ವ್ಯವಸ್ಥೆಯಲ್ಲಿ ಗುಂಡಿ ಕೆಳಗಿಳಿಯಿತೆಂಬ ಸಂದೇಶ ಮೊದಲು ಬರುವುದು. ಆಗ ಬಳಕೆಯಲ್ಲಿರುವ ಭಾಷೆಯ ವಿನ್ಯಾಸವನ್ನು ನೋಡಿ, ಅದನ್ನು ಅಕ್ಷರವಾಗಿ ಮಾರ್ಪಡಿಸಿದ ಸಂದೇಶ ಪ್ರತ್ಯೇಕವಾಗಿ ಬರುವುದು. ಅನೇಕ ಆಟಗಳಿಗೆ ಆಧಾರವಾಗಿರುವ ‘ಎಸ್‌ಡಿಎಲ್’ ಎಂಬ ತಂತ್ರಾಂಶದ 2013ರ ಆವೃತ್ತಿಯೂ ಇವೆರಡನ್ನು ಬೇರ್ಪಡಿಸಿತು. ಯೂನಿಟಿಯ ಮಾಯಾ ಕೀಲಿಮಣೆ ಒತ್ತಿದ ಸುದ್ದಿಯನ್ನಷ್ಟೇ ಸಾರುವುದು. ಅಕ್ಷರದ ಸುದ್ದಿಯನ್ನು ಪರೀಕ್ಷೆ ಬರೆಯುವವನೇ ಒಂದೊಂದಾಗಿ ಸರದಿಗೆ ಸೇರಿಸಬೇಕು.

ಈ ಭೇದವೇಕೆ ಎಂದು ಕೇಳಬಹುದು. 1991ರ ಭಾರತೀಯ ಮಾನಕದಲ್ಲಿ ಸ್ಥಾನ ಪಡೆದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವನ್ನೇ ನೋಡಿ. ಅದರಲ್ಲಿ ಇಂಗ್ಲಿಷಿನ ‘ಜೆ’ ಗುಂಡಿಯನ್ನೊತ್ತಿದರೆ ರಕಾರ, ‘ಇ’ ಒತ್ತಿದರೆ ದೀರ್ಘದ ಚಿಹ್ನೆ, ‘ಸಿ’ ಒತ್ತಿದರೆ ಮಕಾರ. ಮೂರೂ ಸೇರಿ ‘ರಾಮ’. ಗುಂಡಿಯ ಮೇಲೆ ಬರೆದಿರುವುದೊಂದು, ತೆರೆಯ ಮೇಲೆ ಮೂಡುವುದಿನ್ನೊಂದು. ಇಂಗ್ಲಿಷಿನಲ್ಲಿಯೇ ವ್ಯವಹರಿಸುವವರಿಗೆ ಈ ಅಂತರ ಸುಲಭವಾಗಿ ಗೋಚರಿಸದು; ನಮಗೆ ಅದು ನಿತ್ಯದ ಅನುಭವ.

ತರುಣನು ಪರೀಕ್ಷೆಯನ್ನು ತಿದ್ದಿ, ‘ರಾಮ’ ಎಂಬ ಹೆಸರನ್ನು ಅಕ್ಷರದ ಸುದ್ದಿಯಾಗಿಯೇ ಕಳುಹಿಸಿದನು. ಚೌಕ ತುಂಬಿತು, ಪರೀಕ್ಷೆಗಳೆಲ್ಲ ತೇರ್ಗಡೆಯಾದವು. ಸಂತೋಷದಿಂದ ಪಕ್ಕದ ಮನೆಯ ಹುಡುಗಿಯನ್ನು ಕರೆದು ಕೂರಿಸಿದನು. ಅವಳ ಹೆಸರು ಲಕ್ಷ್ಮಿ ಎಂದಿಟ್ಟುಕೊಳ್ಳೋಣ. ಇನ್‌ಸ್ಕ್ರಿಪ್ಟ್ ಕಲಿತಿದ್ದ ಆ ಹುಡುಗಿ ಹೆಸರನ್ನು ಸರಿಯಾಗಿಯೇ ಒತ್ತಿದಳು. ತೆರೆಯ ಮೇಲೆ ಮೂಡಿದ್ದು ‘ಲಕ್ಷ್ಮ’! ಕೊನೆಯ ಗುಡಿಸು ಎಲ್ಲಿಯೋ ಮಾಯವಾಗಿತ್ತು. ಸಾಲದೆಂಬಂತೆ, ಚೌಕದ ಹಿಂದೆ ನಿಂತಿದ್ದ ಕಥಾನಾಯಕನು ಬಲಕ್ಕೆ ಎರಡು ಹೆಜ್ಜೆ ಸರಿದಿದ್ದನು.

ಎರಡು ತಪ್ಪುಗಳು ಒಟ್ಟಿಗೆ ಬಯಲಾದವು. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಏಳು: ಲ, ಕ, ವಿರಾಮ ಚಿಹ್ನೆ, ಷ, ಮತ್ತೆ ವಿರಾಮ ಚಿಹ್ನೆ, ಮ, ಗುಡಿಸು. ಚೌಕಕ್ಕೆ ಆರರ ಮಿತಿಯಿದ್ದುದರಿಂದ ಏಳನೆಯದು ಹೊರಗುಳಿಯಿತು. ನಾಯಕನ ನಡಿಗೆಗೂ ಕಾರಣ ಸ್ಪಷ್ಟ. ಒತ್ತಕ್ಷರ ತರುವ ವಿರಾಮ ಚಿಹ್ನೆಗೆ ಇನ್‌ಸ್ಕ್ರಿಪ್ಟಿನಲ್ಲಿ ‘ಡಿ’ ಗುಂಡಿ; ಆಟದಲ್ಲಿ ಬಲಕ್ಕೆ ನಡೆಯುವುದಕ್ಕೂ ಅದೇ ಗುಂಡಿ! ಪರೀಕ್ಷೆಯಲ್ಲಿ ಅಕ್ಷರದ ಸುದ್ದಿಯನ್ನಷ್ಟೇ ಕಳುಹಿಸಿದ್ದರಿಂದ ಈ ದೋಷ ತಲೆಯೆತ್ತಲೇ ಇಲ್ಲ.

ಈಗ ತರುಣನು ಮೂರು ಬಗೆಯ ಪರೀಕ್ಷೆಗಳನ್ನಿಟ್ಟುಕೊಂಡಿದ್ದಾನೆ. ಒಂದರಲ್ಲಿ ಹೆಸರನ್ನು ನೇರವಾಗಿ ಚೌಕದೊಳಗಿಟ್ಟು ಮುಂದಿನ ಪುಟಗಳನ್ನು ನೋಡುವುದು. ಇದು ಶೀಘ್ರವಾದುದು, ಆದರೆ ಬರೆಯುವ ಕ್ರಿಯೆಯ ಬಗೆಗೆ ಏನನ್ನೂ ಹೇಳದು. ಎರಡನೆಯದರಲ್ಲಿ ಅಕ್ಷರದ ಸುದ್ದಿಗಳನ್ನು ಕಳುಹಿಸಿ, ಮಿತಿಯನ್ನೂ ಅಳಿಸುವಿಕೆಯನ್ನೂ ಪರಿಶೀಲಿಸುವುದು. ಮೂರನೆಯದರಲ್ಲಿ ಗುಂಡಿಯ ಸುದ್ದಿಯನ್ನೂ ಅಕ್ಷರದ ಸುದ್ದಿಯನ್ನೂ ಜೊತೆಯಾಗಿ ಕಳುಹಿಸಿ, ಹೆಸರು ಪೂರ್ತಿ ಮೂಡಿತೆ, ನಾಯಕನು ನಿಂತಲ್ಲಿಯೇ ನಿಂತನೆ ಎಂದು ಎರಡನ್ನೂ ಕೇಳುವುದು. ಮೂರರಲ್ಲಿಯೂ ‘ರಾಮ’ನ ಜೊತೆಗೆ ‘ಲಕ್ಷ್ಮಿ’ಯೂ ಇದ್ದಾಳೆ.

ತಾಂತ್ರಿಕ ಸಂಗತಿ ಇಲ್ಲಿಗೆ ಮುಗಿಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹುಡುಗಿಯ ಮುಖ. ಗುಡಿಸು ಕಾಣದಾದಾಗ ಅವಳು ಯಂತ್ರವನ್ನು ದೂರಲಿಲ್ಲ. ತಾನೇ ತಪ್ಪು ಬರೆದೆನೆಂದು ನಾಚಿ, ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ತನ್ನ ಹೆಸರನ್ನು ಬರೆಯಬಲ್ಲ ಮಗುವಿಗೆ ‘ನಿನಗೆ ಬರೆಯಲು ಬಾರದು’ ಎಂದು ಯಂತ್ರವು ಹೇಳಿದಂತಾಯಿತಲ್ಲವೆ? ಪರೀಕ್ಷೆ ಬರೆಯುವವರು ತಮಗೆ ಸುಲಭವಾದ ಹೆಸರನ್ನಾರಿಸಿಕೊಂಡರೆ ಯಂತ್ರ ತೇರ್ಗಡೆಯಾಗುವುದು, ಮಗು ನಪಾಸಾಗುವುದು. ಬೆರಳಿಲ್ಲದ ಬೆರಳಚ್ಚು ಒಳ್ಳೆಯ ಸೇವಕ. ಆದರೆ ಕಡೆಗೊಮ್ಮೆ ನಿಜವಾದ ಪುಟ್ಟ ಬೆರಳೊಂದನ್ನು ಗುಂಡಿಯ ಮೇಲಿಟ್ಟು ನೋಡುವುದನ್ನು ಯಾರೂ ಮರೆಯಬಾರದು.