ಇಷ್ಟಪಟ್ಟು ಸತ್ತರಂತೆ!



ಪ್ರಾಚೀನ ನಾಗರಿಕತೆಗಳ ಬಗ್ಗೆ ಬರೆಯುವ ಪಂಡಿತರಿಗೆ ಒಂದು ಚಟವಿದೆ. ರಾಜನ ಗೋರಿಯಲ್ಲಿ ಚಿನ್ನ ಸಿಕ್ಕರೆ ಅದು ಸಂಸ್ಕೃತಿ. ಅದೇ ಗೋರಿಯಲ್ಲಿ ಆಳುಗಳ ಹೆಣ ಸಿಕ್ಕರೆ ಅದು ಸ್ವಾಮಿಭಕ್ತಿ! ಈ ಸ್ವಾಮಿಭಕ್ತಿಯನ್ನೇ ಸ್ವಲ್ಪ ಕೆದಕಿ ನೋಡೋಣ.

ಈಗಿನ ಇರಾಕಿನ ದಕ್ಷಿಣದಲ್ಲಿ ಸುಮೇರಿಯನ್ನರ 'ಊರ್' ಎಂಬ ಪಟ್ಟಣವಿತ್ತು. 1922ರಿಂದ 1934ರವರೆಗೆ ಲಿಯೊನಾರ್ಡ್ ವೂಲಿ ಎಂಬ ಇಂಗ್ಲಿಷಿನವನು ಅಲ್ಲಿ ನೆಲ ಅಗೆಸಿದ. ಸುಮಾರು 4500 ವರ್ಷ ಹಳೆಯ ರಾಜಗೋರಿಗಳು ಸಿಕ್ಕವು. ಒಂದೇ ಗುಂಡಿಯಲ್ಲಿ 74 ಹೆಣ. 6 ಗಂಡಸರು, 68 ಹೆಂಗಸರು. ಒಡವೆ ತೊಟ್ಟು ಸಾಲಾಗಿ ಮಲಗಿದ್ದರು. ಒಬ್ಬಳ ಬೆಳ್ಳಿ ತಲೆಪಟ್ಟಿ ಮಾತ್ರ ಸುರುಳಿ ಸುತ್ತಿದ ಹಾಗೇ ಇತ್ತು. ಮುಡಿಯೋಕೂ ಹೊತ್ತು ಸಿಗಲಿಲ್ಲವೋ ಏನೋ.

ವೂಲಿ ಏನಂದ? ಒಡೆಯನ ಜೊತೆ ಪರಲೋಕಕ್ಕೆ ಹೋಗಲು ಇವರು ತಾವಾಗಿಯೇ ಬಂದು, ವಿಷ ಕುಡಿದು ಮಲಗಿದರು ಅಂದ. ಆದರೆ ಆ ಗೋರಿಗಳ ಎರಡು ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಒಂದು ಹೆಂಗಸಿನದು, ಒಂದು ಸೈನಿಕನದು. ಇಬ್ಬರೂ ತಲೆಗೆ ಆಯುಧದ ಏಟು ಬಿದ್ದು ಸತ್ತವರು! ಎರಡೇ ಬುರುಡೆ ತಾನೇ ಅನ್ನುತ್ತೀರಾ? ಸರಿ ಸ್ವಾಮೀ, ಇಷ್ಟಪಟ್ಟು ವಿಷ ಕುಡಿದರು ಅಂತ ನೀವು ಬಿಟ್ಟದ್ದು ಎಷ್ಟು ಬುರುಡೆ?

ಅದೂ ಎಂಥ ಪರಲೋಕ? ಮೆಸೊಪೊಟೇಮಿಯದ ಕಥೆಗಳಲ್ಲಿ ಸತ್ತವರ ಲೋಕ ಬರೀ ಕತ್ತಲು. ಅಲ್ಲಿ ಧೂಳೇ ಊಟ. ಧೂಳು ತಿನ್ನೋಕೆ ಯಾವ ಹುಡುಗಿ ಖುಷಿಯಿಂದ ಹೋಗುತ್ತಾಳೆ?

ಈಜಿಪ್ಟಿನಲ್ಲಿ ರಾಜನೇ ದೇವರು. ಅಲ್ಲಿನ ಪರಲೋಕ ಹಸಿರು ಹೊಲ. ಹೊಲ ಅಂದಮೇಲೆ ಗೇಯಬೇಕಲ್ಲ, ರಾಜ ಗೇಯ್ತಾನಾ? ಅದಕ್ಕೇ ಗೋರಿಯೊಳಗೆ ಶಬ್ತಿ ಎಂಬ ಆಳುಗೊಂಬೆಗಳನ್ನು ಇಡುತ್ತಿದ್ದರು. ಕೂಗಿದ ಕೂಡಲೇ ಓ ಅಂತ ಎದ್ದು ಕೆಲಸಕ್ಕೆ ಹೋಗೋದು ಅವುಗಳ ಹಣೆಬರಹ. 1922ರಲ್ಲಿ ಸಿಕ್ಕ ತುತಾಂಖಾಮನ್‌ನ ಗೋರಿಯಲ್ಲಿ ಇಂಥವು 413 ಇದ್ದವು. ದಿನಕ್ಕೊಂದರಂತೆ 365 ಆಳು, ಉಳಿದ 48 ಮೇಸ್ತ್ರಿಗಳು! ಸತ್ತ ಮೇಲೂ ಮೇಸ್ತ್ರಿಯ ಕಾಟ ತಪ್ಪಲಿಲ್ಲ ನೋಡಿ. ಆಳು ಆಳಾಗಿಯೇ ಇರುವ ಈ ಸ್ವರ್ಗವನ್ನು ಆಳು ಕಟ್ಟಿರಲು ಸಾಧ್ಯವೇ?

ಹಾಗಾದರೆ ದುಡಿಯುವ ಜನ ಇದನ್ನೆಲ್ಲ ನಂಬಿ ಸುಮ್ಮನಿದ್ದರಾ? ಇಲ್ಲ! ಕ್ರಿ.ಪೂ. 1157ರ ಸುಮಾರಿಗೆ, ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷದಲ್ಲಿ, ರಾಜರ ಗೋರಿ ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕೆಲಸಗಾರರಿಗೆ ಕೂಲಿಯ ಕಾಳು ಬರಲಿಲ್ಲ. ಅವರು ಕೆಲಸ ಬಿಟ್ಟು, ಗೋಡೆ ದಾಟಿ ಹೋಗಿ ಗುಡಿಯ ಹಿಂದೆ ಕೂತುಬಿಟ್ಟರು. ಹಸಿವು ತಡೆಯಲಾರದೆ ಬಂದಿದ್ದೇವೆ ಅಂತ ಅಧಿಕಾರಿಗಳ ಮುಖಕ್ಕೇ ಹೇಳಿದರು. ಬಾಕಿ ಕಾಳು ಕೊಡಲೇಬೇಕಾಯಿತು. ಅವರೂ ದೇವರನ್ನು ನಂಬಿದವರೇ. ಆದರೆ ದೇವರಾಜನ ಗೋರಿಗಿಂತ ಮಕ್ಕಳ ಹೊಟ್ಟೆ ದೊಡ್ಡದು ಅಂತ ಅವರಿಗೆ ಗೊತ್ತಿತ್ತು.

ಈ ಮುಷ್ಕರ ನಮಗೆ ಗೊತ್ತಾದದ್ದು ಒಬ್ಬ ಗುಮಾಸ್ತ ಬರೆದಿಟ್ಟದ್ದರಿಂದ. ಆ ಹಾಳೆ ಇಟಲಿಯ ಟುರಿನ್ ನಗರದ ಮ್ಯೂಸಿಯಮ್ಮಿನಲ್ಲಿದೆ. ಊರ್ ಪಟ್ಟಣದ ಆ 68 ಹೆಂಗಸರು ಅತ್ತರೋ, ಬೈದರೋ, ಓಡಲು ನೋಡಿದರೋ, ಬರೆಯಲು ಯಾರೂ ಇರಲಿಲ್ಲ. ಅವರ ಮೌನವನ್ನೇ ಒಪ್ಪಿಗೆ ಅಂತ ಬರೆದುಕೊಂಡರೆ ಅದು ಒಡೆಯನ ಪರ ವಕಾಲತ್ತು.

ನಾಳೆ ತರಗತಿಯಲ್ಲಿ ಮೇಷ್ಟ್ರು 'ಜನ ಭಕ್ತಿಯಿಂದ ಪ್ರಾಣ ಕೊಟ್ಟರು' ಅಂದರೆ ಎದ್ದು ನಿಂತು ಕೇಳಿ: ಸಾರ್, ಅವರನ್ನು ಕೇಳಿದ್ದು ಯಾರು?