ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುಂಚೆ

ಮನೆಯಲ್ಲಿ ಎಂಟು-ಒಂಬತ್ತು ವರ್ಷದ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಈಚೆಗೆ ಕೇಳೋ ಪ್ರಶ್ನೆ ಒಂದೇ: "ಇದಕ್ಕೆ ವಿಂಡೋಸ್ 11 ಹಾಕಕ್ಕಾಗಲ್ವಂತೆ, ಹೊಸದೇ ತಗೋಬೇಕಾ?" ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಇದೇ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಇದೇ. ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ ಜನರ ಲೆಕ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯೂ ಹೌದು ತಾನೆ! ಅದಕ್ಕೇ ಈ ಸಲ ಇದೇ ವಿಷಯ.

2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹಾಗಂತ ಅವತ್ತೇ ಕಂಪ್ಯೂಟರ್ ಕೆಟ್ಟುಹೋಗಲಿಲ್ಲ. ಎಂದಿನಂತೆ ಆನ್ ಆಗುತ್ತೆ, ಕೆಲಸ ಮಾಡುತ್ತೆ. ನಿಂತಿದ್ದು ಸುರಕ್ಷತೆಯ ಅಪ್‌ಡೇಟ್‌ಗಳು. ಬಾಗಿಲಿಗೆ ಬೀಗ ಇದೆ, ಆದರೆ ಬೀಗ ಸಡಿಲವಾದರೆ ಸರಿಮಾಡಲು ಇನ್ನು ಯಾರೂ ಬರಲ್ಲ, ಅಷ್ಟೇ.

ಹಾಗಾದರೆ 11ಕ್ಕೆ ಹೋಗೋಣ ಅಂದರೆ ಅದಕ್ಕೆ ಷರತ್ತುಗಳಿವೆ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಇವು ಹೆಚ್ಚಿನವರ ಹತ್ತಿರ ಇರುತ್ತವೆ. ತೊಡಕು ಬರೋದು ಇನ್ನೆರಡರಲ್ಲಿ. ಒಂದು, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್. ಇನ್ನೊಂದು ಪ್ರೊಸೆಸರ್: ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ನಂತರದ್ದು. ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ ಪ್ರೊಸೆಸರ್ ಹೆಸರು ನೋಡಿ. ಐ5-8250ಯು ಅಂತಿದ್ದರೆ ಎಂಟನೇ ತಲೆಮಾರು, ಐ3-6006ಯು ಅಂದರೆ ಆರನೆಯದು.

ನಮ್ಮ ದೊಡ್ಡಮ್ಮನದು ಆ ಆರನೆಯದು. ಮೈಸೂರಿನಲ್ಲಿ ಅವರ ಸ್ತ್ರೀಶಕ್ತಿ ಸಂಘದ ಲೆಕ್ಕ, ಯಾರು ಎಷ್ಟು ಸಾಲ ತಗೊಂಡರು, ಎಷ್ಟು ಕಟ್ಟಿದರು ಅನ್ನೋದೆಲ್ಲ ಅದರಲ್ಲೇ ಇದೆ. ಅಂಗಡಿಯವರೊಬ್ಬರು "ಇದು ಮುಗೀತು ಅಮ್ಮ, ಹೊಸದಕ್ಕೆ ನಲವತ್ತೈದು ಸಾವಿರ" ಅಂದುಬಿಟ್ಟರಂತೆ. "ಎಫ್‌ಡಿ ಮುರಿಸಿಬಿಡ್ಲೇನೋ ಪುಟ್ಟಾ?" ಅಂತ ಫೋನ್ ಬಂತು. "ದೊಡ್ಡಮ್ಮ, ಒಂದು ವಾರ ತಡೀರಿ, ಭಾನುವಾರ ಬರ್ತೀನಿ" ಅಂದೆ.

ಹೋಗಿ ನೋಡಿದರೆ ಹೊಸದು ಕೊಂಡಿದ್ದರೂ ತಾಪತ್ರಯವೇ. ಸಂಘದ ಹಳೇ ಕಡತಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸದಸ್ಯರ ಹೆಸರೇ ಓದಕ್ಕಾಗದಿದ್ದರೆ ಸಾಲದ ಲೆಕ್ಕ ಯಾರದ್ದು ಅಂತ ಹೇಳೋದು? ಜೊತೆಗೆ ಅವರ ಪ್ರಿಂಟರಿನ ಡ್ರೈವರ್ 32 ಬಿಟ್‌ನದು. ವಿಂಡೋಸ್ 11 ಇರೋದು 64 ಬಿಟ್‌ನಲ್ಲಿ ಮಾತ್ರ, ಆ ಡ್ರೈವರ್ ಅಲ್ಲಿ ನಡೆಯಲ್ಲ.

ನಾವು ಮಾಡಿದ್ದಿಷ್ಟು. ಮೊದಲು ಎಲ್ಲ ಕಡತಗಳನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿದ್ದು. ಆಮೇಲೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್'ಗೆ ನೋಂದಣಿ. ಇದರಿಂದ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಬರುತ್ತೆ ಅಂತ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು, ಅಷ್ಟೇ. ಸಿಕ್ಕ ಸಮಯದಲ್ಲಿ ದೊಡ್ಡಮ್ಮ ಈಗ ದಿನಕ್ಕೊಂದು ಕಡತದಂತೆ ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸ್ತಾ ಇದ್ದಾರೆ. ಯೂನಿಕೋಡ್ ಆದರೆ ಯಾವ ಕಂಪ್ಯೂಟರ್, ಯಾವ ಫೋನಿನಲ್ಲಾದರೂ ಕನ್ನಡ ಕನ್ನಡವಾಗೇ ಕಾಣುತ್ತೆ. ಎಫ್‌ಡಿ ಹಾಗೇ ಇದೆ.

ನಿಮ್ಮ ಲ್ಯಾಪ್‌ಟಾಪ್ ಎಂಟನೇ ತಲೆಮಾರಿನದಾಗಿಯೂ 'ಹೊಂದಲ್ಲ' ಅನ್ನುತ್ತಿದ್ದರೆ ಗಾಬರಿ ಬೇಡ. ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರಬಹುದು. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿ ಮತ್ತೆ ಪರೀಕ್ಷಿಸಿ. ಮೈಕ್ರೋಸಾಫ್ಟ್‌ನದೇ 'ಪಿಸಿ ಹೆಲ್ತ್ ಚೆಕ್' ಅನ್ನೋ ಉಚಿತ ಆ್ಯಪ್ ಯಾವುದು ಕಮ್ಮಿ ಅಂತ ಹೇಳುತ್ತೆ. ಬಯಾಸ್ ಅಂದರೆ ಭಯ ಅನ್ನೋರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಯೂಟ್ಯೂಬ್ ನೋಡಿ ಷರತ್ತು ತಪ್ಪಿಸಿ 11 ಹಾಕೋದೂ ಉಂಟು. ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಬ್ಯಾಂಕಿನ ಕೆಲಸ ಮಾಡೋ ಕಂಪ್ಯೂಟರಿಗೆ ಈ ಸಾಹಸ ಬೇಡ. ಬರೀ ಬ್ರೌಸಿಂಗು, ಮಕ್ಕಳ ಓದು, ಪತ್ರ ಬರೆಯೋದು ಇಷ್ಟೇ ಆದರೆ ಲಿನಕ್ಸ್ ಮಿಂಟ್ ಹಾಕಿ ನೋಡಬಹುದು. ಉಚಿತ, ಕನ್ನಡವೂ ಟೈಪ್ ಆಗುತ್ತೆ. ಟ್ಯಾಲಿ ಬೇಕೇ ಬೇಕು ಅನ್ನೋರಿಗೆ ಮಾತ್ರ ಇದು ಸರಿಹೋಗಲ್ಲ.

ಹೊಸದು ಕೊಳ್ಳಲೇಬೇಕಾದ ದಿನ ಬಂದೇ ಬರುತ್ತೆ. ಆವತ್ತು ಅಂಗಡಿಗೆ ಹೋಗೋ ಮುಂಚೆ ಒಂದು ಚೀಟಿ ಬರೆದಿಟ್ಟುಕೊಳ್ಳಿ: ನಮ್ಮ ಪ್ರಿಂಟರ್ ಯಾವುದು, ನಾವು ದಿನಾ ಬಳಸೋ ಸಾಫ್ಟ್‌ವೇರ್ ಯಾವುದು, ಹಳೇ ಕಡತ ಯಾವ ಫಾಂಟಿನಲ್ಲಿದೆ. ಇವೆಲ್ಲ ಹೊಸದರಲ್ಲಿ ನಡೆಯುತ್ತಾ ಅಂತ ಕೇಳಿ, ಆಮೇಲೆ ಬೆಲೆ ಕೇಳಿ.